‘ಡಾರ್ಮಾಕ್’: ಪದ ತಿಳಿದರೂ ಅರ್ಥ ದಕ್ಕದಾಗ

ಅಮೆರಿಕದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ದೂರದರ್ಶನ ಸರಣಿಯಲ್ಲಿ 1991ರಲ್ಲಿ ಪ್ರಸಾರವಾದ ‘ಡಾರ್ಮಾಕ್’ ಕಂತು, ಭಾಷೆಯನ್ನೇ ವಸ್ತುವಾಗಿಸಿಕೊಂಡ ಅಪರೂಪದ ವಿಜ್ಞಾನ ಕಥೆ. ಅನ್ಯಗ್ರಹದ ಟಮೇರಿಯನ್ನರ ಪದಗಳನ್ನು ಅನುವಾದಯಂತ್ರ ತಿಳಿಸುತ್ತದೆ. ಅರ್ಥ ಮಾತ್ರ ದಕ್ಕುವುದಿಲ್ಲ. ಏಕೆಂದರೆ ಅವರ ಮಾತೆಲ್ಲ ತಮ್ಮ ಪುರಾಣಗಳ ಉಲ್ಲೇಖವೇ. ಗಾಯಗೊಂಡು ಮರಣದ ಅಂಚಿನಲ್ಲಿರುವ ಅವರ ನಾಯಕ ಡೇಥಾನನಿಗೆ, ಕ್ಯಾಪ್ಟನ್ ಪಿಕಾರ್ಡ್ ಬೆಂಕಿಯ ಬಳಿ ಕುಳಿತು ಗಿಲ್ಗಮೇಶನ ಕಥೆ ಹೇಳುವ ದೃಶ್ಯವೇ ಕಂತಿನ ಹಿರಿಮೆ.

ಕೊರತೆಯೂ ಇದೆ. ಉಲ್ಲೇಖಗಳಷ್ಟೇ ಇರುವ ಭಾಷೆಯಲ್ಲಿ ಮಗುವಿಗೆ ಮೂಲಕಥೆಯನ್ನು ಹೇಳುವುದೆಂತು? ನೌಕೆಯ ಯಂತ್ರ ಕೆಟ್ಟರೆ ಅಳತೆಗಳನ್ನು ತಿಳಿಸುವುದೆಂತು? ಕಂತು ಇವುಗಳಿಗೆ ಉತ್ತರಿಸುವುದಿಲ್ಲ.

ಆದರೂ ಅದರ ಮೂಲ ಕಾಣ್ಕೆ ಸತ್ಯವೆಂದೇ ನನ್ನ ಅಭಿಪ್ರಾಯ. ಮರಾಠಿ, ಕನ್ನಡ ಎರಡರಲ್ಲೂ ಕಲಿತ ನನಗೆ ‘ಭಗೀರಥ ಪ್ರಯತ್ನ’ ಎಂದೂ ಅನುವಾದ ಬೇಡಲಿಲ್ಲ. ಎರಡೂ ಭಾಷೆಗಳ ಮನೆಗಳಲ್ಲಿ ಆ ಕಥೆಯಿತ್ತು. ಇಂದು ತರಗತಿಯಲ್ಲಿ ಭಗೀರಥನಾರೆಂದು ವಿವರಿಸಿದ ಬಳಿಕವೇ ಆ ನುಡಿಗಟ್ಟು ಬೆಳಗುತ್ತದೆ. ನಿಘಂಟು ಪದವನ್ನು ಉಳಿಸೀತು. ಕಥೆಯನ್ನು ಉಳಿಸಬೇಕಾದವರು ಹೇಳುವವರು ಮತ್ತು ಕೇಳುವವರು. ಗಡಿನಾಡಿನ ನಮ್ಮ ವಿದ್ಯಾರ್ಥಿಗಳು ಈ ಕಂತನ್ನೊಮ್ಮೆ ನೋಡಲಿ; ಬಳಿಕ ಮನೆಯ ಹಿರಿಯರಿಂದ ಒಂದು ಕಥೆಯನ್ನಾದರೂ ಕೇಳಲಿ.