ಎಲ್ಲಾ ಬರಲಿ, ಆಮೇಲೆ ನೋಡೋಣ!

'ಎಲ್ಲಾ ಬರಲಿ, ಆಮೇಲೆ ನೋಡೋಣ' ಎನ್ನುವುದು ನಮ್ಮಲ್ಲಿ ಜಾಣತನದ ಮಾತು. ಮದುವೆ ಮನೆಯ ಉಡುಗೊರೆಗಳಿಗೆ ಅದು ಸರಿ ಇರಬಹುದು. ಕಂಪ್ಯೂಟರ್ ಪ್ರೋಗ್ರಾಮಿಗೂ ಅದನ್ನೇ ಅನ್ವಯಿಸುವವರ ಮೇಲೆ ಮಾತ್ರ ನನಗೆ ತಕರಾರಿದೆ. ಪ್ರೋಗ್ರಾಮ್ ಬರೆಯುವುದೇ ನನ್ನ ಕಸುಬಾದ್ದರಿಂದ ಸುಮ್ಮನಿರಲಾರೆ.

ಹಳೆಯ ಬಗೆಯ ಪ್ರೋಗ್ರಾಮ್ ಮಾಹಿತಿ ಕೇಳಿ, ಅದು ಬರುವ ತನಕ ಕೈಕಟ್ಟಿ ಕೂರುತ್ತದೆ. 'ರಿಯಾಕ್ಟಿವ್' ಬಗೆಯಲ್ಲಿ ಹಾಗಲ್ಲ. ಮಾಹಿತಿ ತನಗೆ ಪುರುಸೊತ್ತಾದಾಗ ಒಂದೊಂದಾಗಿ ಹರಿದು ಬರುತ್ತದೆ. ಬಂದಾಗ ಪ್ರೋಗ್ರಾಮ್ ಅದನ್ನು ಗಮನಿಸುತ್ತದೆ, ಉಳಿದ ಹೊತ್ತು ಬೇರೆ ಕೆಲಸ ನೋಡುತ್ತದೆ. ಮನೆ ನಡೆಸುವವರಿಗೆ ಇದೇನು ಹೊಸದೇ? ಹಾಲು, ಪೇಪರು, ಗ್ಯಾಸು, ನಲ್ಲಿ ನೀರು ಯಾವುದೂ ನಮ್ಮ ಗಡಿಯಾರ ನೋಡಿ ಬರುವುದಿಲ್ಲ. ಹಾಗೆಂದು ನಾವು ದಿನವಿಡೀ ಬಾಗಿಲಲ್ಲೇ ನಿಂತಿರುವುದೂ ಇಲ್ಲ.

ಹೀಗೆ ಬಂದದ್ದನ್ನು ಕೂಡಿಹಾಕಲು ಒಂದು ಸುಲಭದ ಅಪ್ಪಣೆ ಇದೆ. ನೆಟ್‌ಫ್ಲಿಕ್ಸ್ ಕಂಪನಿ 2013ರಲ್ಲಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟ ಆರ್‌ಎಕ್ಸ್ ಜಾವಾದಲ್ಲಿ ಅದರ ಹೆಸರು 'ಟುಲಿಸ್ಟ್'. ರಿಯಾಕ್ಟರ್ ಎಂಬ ಇನ್ನೊಂದು ಸಲಕರಣೆಯಲ್ಲಿ 'ಕಲೆಕ್ಟ್‌ಲಿಸ್ಟ್'. ಬಂದದ್ದನ್ನೆಲ್ಲ ಪಟ್ಟಿಗೆ ಸೇರಿಸುತ್ತಾ ಹೋಗಿ, ಹರಿವು 'ಮುಗಿಯಿತು' ಎಂದು ಹೇಳಿದಾಗ ಇಡೀ ಪಟ್ಟಿಯನ್ನು ಕೈಗಿಡುವುದು ಅದರ ಕೆಲಸ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆಂದು ನಮ್ಮ ಹುಡುಗರಿಗೆ ಅದರ ಮೇಲೆ ಬಹಳ ಪ್ರೀತಿ.

ಹರಿವು ಮುಗಿಯದೇ ಇದ್ದರೆ? ಆಸ್ಪತ್ರೆಯಲ್ಲಿ ರೋಗಿಯೊಬ್ಬರ ನಾಡಿಬಡಿತದ ಲೆಕ್ಕ ಕ್ಷಣಕ್ಷಣವೂ ಹರಿದು ಬರುತ್ತಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಈ ಅಪ್ಪಣೆ ಕೊಟ್ಟರೆ ಡಾಕ್ಟರ ಕೈಗೆ ಪಟ್ಟಿ ಸಿಗುವುದು ಯಾವಾಗ? ಯಂತ್ರವನ್ನು ಮೈಯಿಂದ ಕಳಚಿದ ಮೇಲೆ! ಅಷ್ಟೇ ಅಲ್ಲ, 999 ಲೆಕ್ಕ ಸರಿಯಾಗಿ ಬಂದು ಸಾವಿರದ ಹೊತ್ತಿಗೆ ದೋಷ ತಲೆದೋರಿದರೆ ನಮಗೆ ತಲುಪುವುದು ದೋಷದ ಸುದ್ದಿ ಮಾತ್ರ. ಆ 999ರ ಪಟ್ಟಿ ಸಿಗುವುದೇ ಇಲ್ಲ.

'ಈಗ ಮೆಮೊರಿ ಅಗ್ಗ, ಬಿಡಿ' ಎಂದು ವಾದಿಸುವವರಿದ್ದಾರೆ. ಡ್ರಮ್ಮು ದೊಡ್ಡದು ತಂದ ಮಾತ್ರಕ್ಕೆ ತೆರೆದಿಟ್ಟ ನಲ್ಲಿ ನಿಲ್ಲುತ್ತದೆಯೇ? ತುಂಬಿ ಚೆಲ್ಲುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ.

ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದಕ್ಕೆ. 'ರಿಯಾಕ್ಟಿವ್ ಸ್ಟ್ರೀಮ್ಸ್' ಎಂಬ ನಿಯಮಾವಳಿ 2015ರಲ್ಲಿ ಹೊರಬಂತು. 2017ರಲ್ಲಿ ಜಾವಾದ 9ನೇ ಆವೃತ್ತಿಯೂ ಅದನ್ನು ಒಳಗೆ ಸೇರಿಸಿಕೊಂಡಿತು. ಅದರ ತಿರುಳು ಇಷ್ಟು: ಎಷ್ಟು ಬೇಕೆಂದು ಪಡೆಯುವವರು ಹೇಳಬೇಕು, ಕೇಳಿದ್ದಕ್ಕಿಂತ ಒಂದೂ ಹೆಚ್ಚು ಕಳಿಸುವ ಅಧಿಕಾರ ಕಳಿಸುವವರಿಗಿಲ್ಲ. ಎಂಥ ಮರ್ಯಾದೆಯ ನಿಯಮ ನೋಡಿ! ನಮ್ಮ ಸುಲಭದ ಅಪ್ಪಣೆಯಾದರೋ ಮೊದಲಿಗೇ 'ಎಷ್ಟಿದ್ದರೂ ಕಳಿಸು' ಎಂದುಬಿಡುತ್ತದೆ. ಕೊಟ್ಟ ಹಕ್ಕನ್ನು ಬಾಗಿಲಲ್ಲೇ ಬಿಟ್ಟುಕೊಟ್ಟಂತೆ. ಬಂದದ್ದನ್ನೆಲ್ಲ ಮಾತಿಲ್ಲದೆ ಹೊತ್ತುಕೊಂಡು 'ಎಷ್ಟು ಸಹನೆ!' ಎಂದು ಹೊಗಳಿಸಿಕೊಂಡ ನಮಗೆ ಆ ಹಕ್ಕಿನ ಬೆಲೆ ಯಾರಾದರೂ ಬಿಡಿಸಿ ಹೇಳಬೇಕೇ?

ಕೂಡಿಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಕರ್ನಾಟಕದ 31 ಜಿಲ್ಲೆಗಳ ಹೆಸರು ಬರುತ್ತಿದ್ದರೆ ಧಾರಾಳವಾಗಿ ಕೂಡಿಹಾಕಿ. ಅದು ಚಿಕ್ಕದು, ಮುಗಿಯುತ್ತದೆ. ಮುಗಿಯದ ಹರಿವಿಗೆ ಬೇರೆ ದಾರಿಗಳಿವೆ. ಹತ್ತು ಬಂದೊಡನೆ ಒಂದು ಕಂತು ಮಾಡಿ ಮುಂದಕ್ಕೆ ಕಳಿಸಬಹುದು. ಹತ್ತು ಆಗದಿದ್ದರೂ ಐದು ಸೆಕೆಂಡಿಗೆ ಎಷ್ಟು ಬಂತೋ ಅಷ್ಟನ್ನೇ ಕಳಿಸಬಹುದು. ಮೊತ್ತವಷ್ಟೇ ಬೇಕಾದರೆ ಒಂದೊಂದು ಬಂದಂತೆ ಕೂಡಿಸುತ್ತಾ, ಆಗಿನ ಮೊತ್ತವನ್ನು ಆಗಲೇ ತಿಳಿಯಬಹುದು. ಇದಕ್ಕೆಲ್ಲ 'ಬಫರ್', 'ಸ್ಕ್ಯಾನ್' ಎಂಬ ಸಿದ್ಧ ಅಪ್ಪಣೆಗಳೇ ಇವೆ. ಬರೆಯುವುದಕ್ಕೆ ಇನ್ನೆರಡು ನಿಮಿಷ ಹಿಡಿಯಬಹುದು. ರೋಗಿಯ ಜೀವದ ಮುಂದೆ ಅದು ದುಬಾರಿಯೇ?

ಆದ್ದರಿಂದ ನಿಮ್ಮ ಮನೆಯ ಮಗಳೋ ಸೊಸೆಯೋ ಈ ವಿದ್ಯೆ ಕಲಿಯುತ್ತಿದ್ದರೆ ಎರಡು ಪ್ರಶ್ನೆ ಕೇಳಿ: 'ಇದು ಮುಗಿಯುವ ಹರಿವೇನಮ್ಮ? ಒಂದು ಸಲಕ್ಕೆ ನಿನಗೆ ಎಷ್ಟು ಬೇಕು?' ಉತ್ತರ ತಿಳಿಯದೆ ಕೂಡಿಹಾಕುವವರನ್ನು ನಾನು ಜಾಣರೆಂದು ಒಪ್ಪುವುದಿಲ್ಲ, ಅವರ ಸಂಬಳ ಎಷ್ಟೇ ಇರಲಿ.