ಯಮುನೆಯಲ್ಲಿ ಹಕ್ಕಿಗಳ ಪಾಲೆಷ್ಟು?

ಲೋಧಿ ಕಾಲೋನಿಯ ಮಗ್ಗುಲಲ್ಲಿ ಹರಿಯುವ ಕುಶಕ್ ನಾಲೆಯು ಬಾರಾಪುಲ್ಲಾ ನಾಲೆಯನ್ನು ಕೂಡಿಕೊಂಡು ಸರಾಯ್ ಕಾಲೇಖಾನಿನ ಬಳಿ ಯಮುನೆಗೆ ಬೀಳುತ್ತದೆ. ಅಲ್ಲಿಂದ ಕೆಲವೇ ಮೈಲಿ ಕೆಳಗೆ, ಓಖ್ಲಾ ಅಣೆಕಟ್ಟಿನ ಹಿನ್ನೀರಿನಲ್ಲಿ, ಉತ್ತರ ಪ್ರದೇಶ ಸರಕಾರವು 1990ರಲ್ಲಿ ಘೋಷಿಸಿದ ಪಕ್ಷಿಧಾಮವಿದೆ. ನಮ್ಮ ಬಡಾವಣೆಗಳ ಕೊಳೆಯೇ ಅಲ್ಲಿಯ ಅತಿಥಿಗಳಿಗೆ ತೀರ್ಥವಾಗಿ ಸಲ್ಲುತ್ತಿದೆಯೆಂಬುದು ದೆಹಲಿ ಕನ್ನಡಿಗರಿಗೆ ತಿಳಿದಿರಬೇಕಾದ ಸಂಗತಿ.

ನೆರೆಬಯಲೆಂದರೆ ನದಿಯ ಪಕ್ಕದ ಪಾಳುನೆಲವಲ್ಲ. ಅದು ನದಿಯ ಅಂಗವೇ ಸರಿ. ಮಳೆಗಾಲದ ಪ್ರವಾಹವು ಅಲ್ಲಿ ಹರಡಿ, ಮೆಕ್ಕಲನ್ನು ಬಿಟ್ಟು, ಅಂತರ್ಜಲವನ್ನು ತುಂಬಿ, ನೀರಕಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಶರತ್ಕಾಲದಲ್ಲಿ ಕಾಶದ ಹುಲ್ಲು ಬೆಳ್ಳಗೆ ಹೂಬಿಡುತ್ತದೆ. ಜೊಂಡಿನ ನಡುವೆ ನೇರಳೆ ಜಂಬುಕೋಳಿ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುವೂ ಇವೇ ಜಾತಿಯವು. ಹರಿವು ಕುಂದಿದಲ್ಲಿ ಮಾತ್ರ ಜೊಂಡೂ ಜಲಕುಂಭಿಯೂ ನೀರಿನ ಮೇಲ್ಮೈಯನ್ನೇ ಮುಚ್ಚಿಬಿಡುತ್ತವೆ. ಬಾತುಗಳಿಗೆ ಇಳಿಯಲು ಎಡೆಯಿರುವುದಿಲ್ಲ.

ಹರಿವು ಕುಂದಲು ಕಾರಣ ಗುಟ್ಟಿನದೇನೂ ಅಲ್ಲ. ಮಳೆಗಾಲ ಕಳೆದೊಡನೆ ಹರ್ಯಾಣದ ಹಥ್ನಿಕುಂಡದಲ್ಲಿ ನದಿಯ ಬಹುಪಾಲು ಕಾಲುವೆಗಳಿಗೆ ತಿರುಗುತ್ತದೆ. ಉಳಿದುದನ್ನು ವಜೀರಾಬಾದಿನಲ್ಲಿ ದೆಹಲಿ ಕುಡಿಯಲು ಎತ್ತಿಕೊಳ್ಳುತ್ತದೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರು ನದಿಯ ಒಟ್ಟು ಉದ್ದದ ಶೇಕಡಾ 2ನ್ನೂ ಮುಟ್ಟದು. ಯಮುನೆಯ ಮಾಲಿನ್ಯದ ಮುಕ್ಕಾಲು ಪಾಲು ಸೇರುವುದು ಇಲ್ಲಿಯೇ. 2023ರ ಜುಲೈಯಲ್ಲಿ ಹಳೆಯ ರೈಲು ಸೇತುವೆಯ ಬಳಿ ನೀರು 208.66 ಮೀಟರ್ ಮಟ್ಟಕ್ಕೇರಿ, 1978ರ ದಾಖಲೆಯನ್ನು ಮುರಿದಾಗ, ತನ್ನ ಎಲ್ಲೆ ಯಾವುದೆಂಬುದನ್ನು ನದಿಯೇ ತೋರಿಸಿಕೊಟ್ಟಿತು.

1994ರ ಮೇ 12ರಂದು ಐದು ಸರಕಾರಗಳು ಮಾಡಿಕೊಂಡ ಯಮುನಾ ಒಡಂಬಡಿಕೆಯು ಪರಿಸರಕ್ಕಾಗಿ ಒಪ್ಪಿದ ಕನಿಷ್ಠ ಹರಿವು, ಅದೂ ಮೇಲಿನ ಜಲಾಶಯಗಳು ನಿರ್ಮಾಣವಾದಂತೆಲ್ಲ, ಸೆಕೆಂಡಿಗೆ 10 ಘನ ಮೀಟರಿನವರೆಗೆ. ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯು ಬೇಸಿಗೆಯಲ್ಲಿ 23 ಬೇಕೆಂದಿದೆ. ಕಾವೇರಿ ನ್ಯಾಯಮಂಡಲಿಯು 2007ರ ತೀರ್ಪಿನಲ್ಲಿ ಪರಿಸರಕ್ಕೆಂದು 10 ಟಿ.ಎಂ.ಸಿ. ನೀರನ್ನು ಬೇರೆಯಾಗಿಯೇ ತೆಗೆದಿರಿಸಿತೆಂಬುದು ವಾಚಕರಿಗೆ ನೆನಪಿರಬಹುದು. ಯಮುನಾ ಒಡಂಬಡಿಕೆಯನ್ನು 2025ರ ಬಳಿಕ ಮರುವಿಮರ್ಶಿಸಬಹುದೆಂದು ಅದರಲ್ಲಿಯೇ ಬರೆದಿದೆ. ಹತ್ತನ್ನು ಇಪ್ಪತ್ತಮೂರಾಗಿಸಲು ಇದೇ ಸಮಯ. ಆದರೆ ಬಾರಾಪುಲ್ಲಾದಂಥ ನಾಲೆಗಳ ಕೊಳೆಯನ್ನು ತಡೆದು ಶುದ್ಧಿಮಾಡದೆ ಹರ್ಯಾಣದ ರೈತನ ಪಾಲಿಗೆ ಕೈಯೊಡ್ಡಲು ದೆಹಲಿಗೆ ಯಾವ ಮುಖವಿದೆ?