ಹಳೇ ಮನಿ ಕೆಡವಿದ್ರೆ ರೊಕ್ಕ, ರಿಪೇರಿ ಮಾಡಿದ್ರೆ ಏನೂ ಇಲ್ಲ!

ಆಳಂದ: ನಮ್ಮ ಕಲಬುರಗಿ ಜಿಲ್ಲೆಗೆ 42-43 ಡಿಗ್ರಿ ಬಿಸಿಲು ಹೊಸದಲ್ಲ. ಹೊಸದಾಗಿ ಬಂದಿದ್ದು ಮನಿಯೊಳಗಿನ ಕಾವು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದೇ ಓಣಿಯಲ್ಲಿ ಎರಡು ನಮೂನೆ ಮನಿ ಕಾಣ್ತಾವ. ಒಂದು ಅಜ್ಜನ ಕಾಲದ್ದು. ಎರಡು ಫೂಟು ದಪ್ಪ ಕಲ್ಲಿನ ಗೋಡೆ, ಮೇಲೆ ಜಂತಿ, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಇನ್ನೊಂದು ಅದನ್ನ ಕೆಡವಿ ಕಟ್ಟಿದ ಆರ್‌ಸಿಸಿ ಮನಿ. ಮೇ ತಿಂಗಳ ಮಧ್ಯಾಹ್ನ ಯಾವುದರಲ್ಲಿ ನಿದ್ದಿ ಬರ್ತದ ಅಂತ ಎಲ್ಲರಿಗೂ ಗೊತ್ತದ. ಆದರೂ ಕೆಡವೋದು ಹಳೇದನ್ನೇ.

ಕಾರಣ ಸರ್ಕಾರಿ ಯೋಜನೆಗಳ ಲೆಕ್ಕದಲ್ಲಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಕಚ್ಚಾ ಮನೆಯವರಿಗೆ ಕೇಂದ್ರದ ಲೆಕ್ಕದಲ್ಲಿ 1.20 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಅದು ಹೊಸ ಮನೆಗೆ, ರಿಪೇರಿಗಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್‌ಗೆ 78 ಸಾವಿರ ಸಬ್ಸಿಡಿ ಇದೆ. ಅದಕ್ಕೂ ಪ್ಯಾನೆಲ್ ತಡೆಯುವ ಚಾವಣಿ ಬೇಕು. ಎರಡೂ ಯೋಜನೆ ಕೆಟ್ಟವಲ್ಲ. ಆದರೆ ಮಣ್ಣಿನ ಮಾಳಿಗೆಯವರಿಗೆ ಎರಡೂ ಹೇಳೋದು ಒಂದೇ ಮಾತು: ಮೊದಲು ಕೆಡವು.

ಹಂಗಂತ ಹಳೇ ಮನಿ ಎಲ್ಲಾ ಚಲೋ ಅಂತ ಹೇಳ್ಲಿಕ್ಕೂ ಬರಲ್ಲ. ಮಳಿಗಾಲದಲ್ಲಿ ಸೋರ್ತದ ಅಂತ ವರ್ಷಾ ವರ್ಷಾ ಮ್ಯಾಲೆ ಹೊಸ ಮಣ್ಣು ಹಾಕ್ತೀವಿ, ಹಳೇ ಮಣ್ಣು ತೆಗೆಯಲ್ಲ. 10x10 ಫೂಟಿನ ಖೋಲಿ ಮೇಲೆ ಒಂದು ಫೂಟು ಮಣ್ಣು ಇದ್ರೆ ಹೆಚ್ಚುಕಡಿಮೆ ನಾಲ್ಕೂವರೆ ಟನ್ ಭಾರ. ನೆನೆದರೆ ಇನ್ನೂ ಜಾಸ್ತಿ. ಹುಳ ಹತ್ತಿದ ಜಂತಿ ಎಷ್ಟಂತ ತಡೀತದ? 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಊರುಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ನೆರೆ ನೀರು ನಿಲ್ಲೋ ಜಾಗದಲ್ಲಿ ಮಣ್ಣಿನ ಮನಿ ಉಳಿಸಿಕೊಳ್ರಿ ಅನ್ನೋದು ತಪ್ಪಾಗ್ತದ. ಎತ್ತರದ ಆಳಂದ ಭಾಗದ ಗಟ್ಟಿ ಗೋಡೆಯ ಮನಿ ಕತೆ ಬೇರೆ.

ಅಂಥಲ್ಲಿ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು? ಮೊದಲು ಹಳೇ ಮಣ್ಣು ಕೆರೆದು ತೆಗೆಸಿ, ಕೆಟ್ಟ ಜಂತಿ ಬದಲಿಸಿ, ಆಮೇಲೆ ತೆಳ್ಳಗೆ ಹೊಸ ಮಣ್ಣು. ಮಣ್ಣಿನಿಂದ ಕಟ್ಟಿದ ಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವ್ ಬೇಡ, ತೇವ ಒಳಗೇ ಸಿಕ್ಕಿಕೊಳ್ತದ. ಸುಣ್ಣದ ಗಿಲಾವ್ ಆದ್ರೆ ಗೋಡೆ ಉಸಿರಾಡ್ತದ. ಹಳೇ ಬೆಳಕಿಂಡಿ ಮುಚ್ಚಿದ್ರೆ ತೆರೆಯಿರಿ, ಬಿಸಿ ಗಾಳಿ ಹೊರಗ ಹೋಗೋ ದಾರಿ ಅದು.

ಈಗಾಗಲೇ ಆರ್‌ಸಿಸಿ ಹಾಕಿದವರು ಯುಗಾದಿಗೆ ಮುಂಚೆ ಮಾಳಿಗೆಗೆ ಬಿಳಿ ಸುಣ್ಣ ಬಳಿಯಬಹುದು. ಬಿಸಿಲು ವಾಪಸ್ ಹೋಗಿ ಒಳಗಿನ ಕಾವು ಇಳಿತದ. ಪಕ್ಕದ ತೆಲಂಗಾಣ 2023ರಲ್ಲೇ ಇಂಥ ತಂಪು ಚಾವಣಿಗೆ ನೀತಿ ತಂದಿದೆ.

ಇನ್ನು ಕರೆಂಟ್. ಗೃಹಜ್ಯೋತಿ ಇದೆ, ಉಳಿಸೋದ್ಯಾಕೆ ಅನ್ನೋರು ಬಹಳ. ಆದರೆ ಉಚಿತ ಸಿಗೋದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ. 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್. ಕೂಡು ಕುಟುಂಬದ ಹಳೇ ಮನಿಗೆ ಒಂದೇ ಮೀಟರ್ ಇದ್ರೆ ಬೇಸಿಗೆಯಲ್ಲಿ ದಾಟೋದು ಕಷ್ಟವೇನಲ್ಲ. ಲೆಕ್ಕ ನೋಡಿ: 75 ವ್ಯಾಟಿನ ನಾಲ್ಕು ಫ್ಯಾನ್ ದಿನಕ್ಕೆ 15 ತಾಸು ತಿರುಗಿದ್ರೆ ತಿಂಗಳಿಗೆ 135 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಆದ್ರೆ 54. ಫ್ಯಾನ್ ರೇಟ್ ಜಾಸ್ತಿ, ಆದರೆ ಉಳಿಯೋದು 81 ಯೂನಿಟ್. ಅಂಗಡಿ ಮೀಟರಿಗೆ ಗೃಹಜ್ಯೋತಿ ಇಲ್ಲ, ಹೀಗಾಗಿ ಇದರ ಲಾಭ ಅಂಗಡಿಯವರಿಗೇ ಜಾಸ್ತಿ.

ಇಷ್ಟು ನಾವು ಮಾಡಬಹುದು. ಜಂತಿ ಬದಲಿಸೋ ಖರ್ಚು ಮಾತ್ರ ಬಡವರಿಗೆ ಆಗಲ್ಲ. ಹೊಸ ಮನೆಗೆ ಕೊಡೋ ರೊಕ್ಕದಲ್ಲಿ ಒಂದು ಪಾಲು ಗಟ್ಟಿ ಇರೋ ಹಳೇ ಮನೆಯ ಮಾಳಿಗೆ ರಿಪೇರಿಗೂ ಕೊಟ್ಟರೆ ಎಷ್ಟೋ ಗೋಡೆ ಉಳಿತಾವ. ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿ ಪಟ್ಟಿ ಓದುವಾಗ ಈ ಮಾತು ಎತ್ತಿ ನೋಡ್ರಿ.